ಮಡಕೆ ಚೂರಿಗೂ ಒಂದು ವಿಳಾಸ: ಪುರಾತತ್ವ ಮತ್ತು ಮ್ಯೂಸಿಯಂ ಕೆಲಸದ ಮೊದಲ ವರ್ಷಗಳು

ಪಾಯ ತೋಡುವಾಗ ವಿಗ್ರಹ ಸಿಕ್ಕಿತು, ಹೊಲ ಉಳುವಾಗ ಶಾಸನ ಎದ್ದಿತು ಅನ್ನುವ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ತಮಿಳುನಾಡಿನಲ್ಲಿ ಹಳೇ ಊರೊಂದನ್ನು ಅಗೆದು ತೆಗೆದ ಕೀಳಡಿಯ ಮೇಲೆ ನಡೆದ ಚರ್ಚೆ ಇಲ್ಲಿನವರ ಮೊಬೈಲ್‌ಗೂ ಬಂದಿದೆ. ಇದನ್ನೆಲ್ಲ ನೋಡಿದ ಮಗಳೋ ಮಗನೋ ಪಿಯುಸಿ ಮುಗಿದ ಕೂಡಲೇ "ನಾನು ಆರ್ಕಿಯಾಲಜಿ ಓದ್ತೀನಿ" ಅಂದರೆ ಮನೆಯವರು ಕಂಗಾಲು. ಬಿ.ಕಾಂ. ಮಾಡಿದವರು ಏನು ಮಾಡ್ತಾರೆ ಅಂತ ಗೊತ್ತು. ನರ್ಸಿಂಗ್ ಮಾಡಿದವರು ಏನು ಮಾಡ್ತಾರೆ ಅಂತಲೂ ಗೊತ್ತು. ನೆಲ ಅಗೆಯೋರಿಗೆ ಸಂಬಳ ಕೊಡೋರು ಯಾರು? ದಿನವಿಡೀ ಅವರು ಮಾಡೋದಾದರೂ ಏನು? ಸಿಕ್ಕ ವಸ್ತು ಆಮೇಲೆ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗಳಿಗೆ ಬುಡದಿಂದ ಉತ್ತರ ಹುಡುಕೋಣ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲ ಕೆಲವು ವರ್ಷ ಮಾಡುವುದು ವಸ್ತು ಹುಡುಕುವ ಕೆಲಸವಲ್ಲ. ವಸ್ತು ಎಲ್ಲಿತ್ತು ಅನ್ನೋದನ್ನು ಬರೆದಿಡುವ ಕೆಲಸ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದು ಸುಲಭ.

ಇತಿಹಾಸಕ್ಕೂ ಪುರಾತತ್ವಕ್ಕೂ ಏನು ವ್ಯತ್ಯಾಸ?

ಹಿಂದಿನವರು ಬರೆದದ್ದನ್ನು ಓದಿ ಹಿಂದಿನ ಕಾಲವನ್ನು ತಿಳಿಯುವುದು ಇತಿಹಾಸದ ಮುಖ್ಯ ದಾರಿ. ಅವರು ಬಿಟ್ಟುಹೋದ ವಸ್ತುಗಳಿಂದ ತಿಳಿಯುವುದು ಪುರಾತತ್ವ. ಒಡೆದ ಮಡಕೆ, ಒಲೆಯ ಬೂದಿ, ಎಲುಬು, ಸುಟ್ಟ ಕಾಳು, ಗೋಡೆಯ ಅಡಿಪಾಯ, ಸಮಾಧಿ, ಎಲ್ಲವೂ ಇದರೊಳಗೆ ಬರುತ್ತವೆ. ಶಾಸನ ಎರಡಕ್ಕೂ ಸೇರಿದ್ದು, ಅದು ಬರಹವೂ ಹೌದು, ಕಲ್ಲೂ ಹೌದು.

ಬರಹ ಇಲ್ಲದ ಕಾಲ ಬಹಳ ಉದ್ದ. ಕನ್ನಡದ ಮೊದಲ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಸುರಪುರದ ಹತ್ತಿರದ ಇಸಾಂಪುರದಲ್ಲಿ ಸಿಕ್ಕ ಕಲ್ಲಿನ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ಆಗಿರಬಹುದು ಅನ್ನುವ ಅಂದಾಜಿದೆ. ಇವೆರಡರ ನಡುವಿನ ಬಹುಪಾಲು ಕಾಲಕ್ಕೆ ನಮ್ಮ ಹತ್ತಿರ ಇರೋದು ವಸ್ತು ಮಾತ್ರ.

ಅಗೆಯೋಕೆ ಮುಂಚೆ ನಡೆಯಬೇಕು

ಸಿನಿಮಾದಲ್ಲಿ ನಕಾಶೆ ಸಿಗುತ್ತದೆ, ಮರುದಿನ ಗುದ್ದಲಿ ಬೀಳುತ್ತದೆ. ನಿಜದಲ್ಲಿ ಮೊದಲ ಕೆಲಸ ನಡೆಯೋದು. ಇದಕ್ಕೆ ಅನ್ವೇಷಣೆ ಅನ್ನುತ್ತಾರೆ. ಒಂದು ತಾಲ್ಲೂಕನ್ನು ಹಿಡಿದು ಊರೂರು ಸುತ್ತಬೇಕು. ದೇವಸ್ಥಾನದ ಹಿಂದೆ ಒರಗಿಸಿಟ್ಟ ವೀರಗಲ್ಲು, ಕೆರೆ ಏರಿಯ ಮೇಲಿನ ಶಾಸನ, ಬೆಟ್ಟದ ಮೇಲಿನ ಕಲ್ಲುಗೋರಿ, ಹೊಲದಲ್ಲಿ ಹರಡಿದ ಬೋಕಿ ಚೂರು, ಎಲ್ಲವನ್ನೂ ಪಟ್ಟಿ ಮಾಡಬೇಕು. ನಮ್ಮ ರಾಜ್ಯದ ಪುರಾತತ್ವ ಇಲಾಖೆ ಗ್ರಾಮವಾರು ಸಮೀಕ್ಷೆ ಅಂತ ಮಾಡಿಸುವುದು ಇದನ್ನೇ. ಹೊಸಬರಿಗೆ ಮೊದಲು ಸಿಗುವ ಕೆಲಸಗಳಲ್ಲಿ ಇದೂ ಒಂದು.

ಇಲ್ಲಿ ಊರಿನವರ ಮಾತೇ ನಕಾಶೆ. "ಹಾಳೂರು ಎಲ್ಲಿ?" ಅಂತ ಕೇಳಿದರೆ ಹಿರಿಯರು ಕೈ ತೋರಿಸುತ್ತಾರೆ. ಜನ ಬಿಟ್ಟುಹೋದ ಊರಿನ ದಿಬ್ಬ ಅದು. ಅಲ್ಲಿನ ಬೂದು ಮಣ್ಣು ಒಳ್ಳೆಯ ಗೊಬ್ಬರ ಅಂತ ರೈತರಿಗೆ ಗೊತ್ತು, ಗಾಡಿಗಟ್ಟಲೆ ಹೊಲಕ್ಕೆ ಹೊಡೆದುಕೊಂಡಿರುತ್ತಾರೆ. ಕೊಪ್ಪಳದ ಹಿರೇಬೆಣಕಲ್ ಬೆಟ್ಟದ ಮೇಲಿನ ಕಲ್ಲುಗೋರಿಗಳನ್ನು ಸುತ್ತಲಿನವರು ಮೋರೇರ ಮನೆ ಅಂತ ಕರೆಯುತ್ತ ಬಂದಿದ್ದಾರೆ. ಪುಸ್ತಕದಲ್ಲಿ ಇವಕ್ಕೆ ಬೃಹತ್ ಶಿಲಾ ಸಮಾಧಿ ಅನ್ನುವ ಹೆಸರು ಬೀಳುವ ಎಷ್ಟೋ ಮುಂಚೆ ಊರಿಗೆ ಅವು ಗೊತ್ತಿದ್ದವು.

ಕಣ್ಣಿಗೆ ತರಬೇತಿ ಇದ್ದರೆ ಯಾರು ಬೇಕಾದರೂ ಕಂಡುಹಿಡಿಯಬಹುದು. 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. ಆಮೇಲೆ ಅವರು ಬಳ್ಳಾರಿ ಸೀಮೆಯನ್ನೆಲ್ಲ ಸುತ್ತಿದರು. ಅವರ ಹೆಸರಿನ ಮ್ಯೂಸಿಯಂ ಇವತ್ತು ಬಳ್ಳಾರಿಯಲ್ಲಿದೆ. 1915ರಲ್ಲಿ ಮಸ್ಕಿಯ ಅಶೋಕ ಶಾಸನ ಕಂಡದ್ದು ಚಿನ್ನದ ಗಣಿ ಎಂಜಿನಿಯರ್ ಬೀಡನ್ ಅವರಿಗೆ. "ದೇವಾನಾಂಪ್ರಿಯ" ಅಂತ ಬೇರೆ ಶಾಸನಗಳು ಕರೆಯುವ ರಾಜ ಅಶೋಕನೇ ಅನ್ನೋದು ಗಟ್ಟಿಯಾದದ್ದು ಆ ಕಲ್ಲಿನ ಮೇಲಿದ್ದ ಹೆಸರಿನಿಂದ.

ಪಡಿಯಚ್ಚು ತೆಗೆಯೋದು ಹೇಗೆ?

ಶಾಸನ ಸಿಕ್ಕರೆ ಅದರ ಪ್ರತಿ ಬೇಕು. ಕಲ್ಲನ್ನು ಹೊತ್ತು ತರೋಕಾಗಲ್ಲ. ಫೋಟೊದಲ್ಲಿ ಸವೆದ ಅಕ್ಷರ ಸರಿಯಾಗಿ ಮೂಡಲ್ಲ. ಅದಕ್ಕೇ ಪಡಿಯಚ್ಚು.

ಮೊದಲು ಕಲ್ಲನ್ನು ತೊಳೆದು, ಅಕ್ಷರದ ಸಂದಿಯಲ್ಲಿರುವ ಪಾಚಿ, ಸುಣ್ಣವನ್ನು ಮೆತ್ತನೆ ಬ್ರಷ್‌ನಿಂದ ತೆಗೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟುವಂತೆ ಹರಡುತ್ತಾರೆ. ಉದ್ದ ಕೂದಲಿನ ಬ್ರಷ್‌ನಿಂದ ಹಗುರವಾಗಿ ಬಡಿಯುತ್ತ ಹೋದರೆ ಕಾಗದ ಅಕ್ಷರದ ಗುಂಡಿಯೊಳಗೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಬಟ್ಟೆ ಉಂಡೆಯಂಥ ಡ್ಯಾಬರ್‌ನಿಂದ ಕಪ್ಪು ಮಸಿ ತಟ್ಟುತ್ತಾರೆ. ಉಬ್ಬಿದ ಜಾಗ ಕಪ್ಪಾಗುತ್ತದೆ, ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕೇಳೋಕೆ ಸಲೀಸು. ಬಯಲಿನಲ್ಲಿ ಗಾಳಿ ಬೀಸಿದರೆ ಕಾಗದ ಹಾರುತ್ತದೆ, ಬಿಸಿಲು ಏರಿದರೆ ಮಸಿ ತಟ್ಟುವ ಮುಂಚೆಯೇ ಒಣಗಿ ಏಳುತ್ತದೆ. ಅದಕ್ಕೇ ಬೆಳಗ್ಗೆ ಬೇಗ ಹೋಗೋದು.

ಎಎಸ್‌ಐ ಅಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ. 1861ರಲ್ಲಿ ಶುರುವಾದ ಕೇಂದ್ರದ ಸಂಸ್ಥೆ. ಅದರ ಶಾಸನ ವಿಭಾಗದ ಮುಖ್ಯ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ. ಈಗ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡುವ ಕೆಲಸವೂ ನಡೆದಿದೆ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಶೋಧನಾ ಸಂಸ್ಥೆ ಹೀಗೆ ಸ್ಕ್ಯಾನ್ ಮಾಡಿಸುತ್ತಿದೆ. ಕಂಪ್ಯೂಟರ್ ಗೊತ್ತಿರುವ ಹುಡುಗ ಹುಡುಗಿಯರಿಗೆ ಇದೊಂದು ಹೊಸ ಬಾಗಿಲು.

ಗುಂಡಿಯೊಳಗೆ ಏನು ನಡೆಯುತ್ತದೆ?

ಅಗೆಯೋದಕ್ಕೆ ಪುರಾತತ್ವದವರು ಉತ್ಖನನ ಅನ್ನುತ್ತಾರೆ. ಸುಮ್ನೆ ಹೋಗಿ ಅಗೆಯುವಂತಿಲ್ಲ. ವಿಶ್ವವಿದ್ಯಾಲಯವಾಗಲಿ, ರಾಜ್ಯದ ಇಲಾಖೆಯಾಗಲಿ, ಎಎಸ್‌ಐನಿಂದ ಆ ವರ್ಷಕ್ಕೆ ಅನುಮತಿ ತೆಗೆದುಕೊಳ್ಳಬೇಕು.

ನೆಲದ ಮೇಲೆ ಹಗ್ಗ, ಗೂಟ ಹಿಡಿದು ಚೌಕ ಹಾಕುತ್ತಾರೆ. ನಮ್ಮಲ್ಲಿ ಹೆಚ್ಚಾಗಿ 10 ಮೀಟರ್‌ಗೆ 10 ಮೀಟರ್. ಅದನ್ನು ಮತ್ತೆ ನಾಲ್ಕು ಭಾಗ ಮಾಡುತ್ತಾರೆ. ಚೌಕಗಳ ನಡುವೆ ಅಗೆಯದೆ ಒಂದು ಮಣ್ಣಿನ ಗೋಡೆ ಬಿಡುತ್ತಾರೆ. ಇದರ ಹೆಸರು ಬಾಲ್ಕ್. ಓಡಾಡೋಕೆ ದಾರಿಯಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಅಗೆದ ಜಾಗದಲ್ಲಿ ಮಣ್ಣು ಹೇಗೆ ಪದರ ಪದರವಾಗಿತ್ತು ಅನ್ನೋದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಅಗೆಯೋದು ಅಂದರೆ ಸಾಕ್ಷಿಯನ್ನು ಅಳಿಸುತ್ತ ಹೋಗೋದು. ಒಮ್ಮೆ ತೆಗೆದ ಮಣ್ಣನ್ನು ಮತ್ತೆ ಹಾಗೇ ಕೂಡಿಸೋಕೆ ಬರಲ್ಲ.

ಪದರದ ವಿಷಯ ಸ್ವಲ್ಪ ಬಿಡಿಸಿ ನೋಡೋಣ. ಹಳೇ ಮನೆಯ ಗೋಡೆ ನೆನಪು ಮಾಡಿಕೊಳ್ಳಿ. ಹಬ್ಬ ಹಬ್ಬಕ್ಕೆ ಸುಣ್ಣ ಬಳಿದಿರುತ್ತಾರೆ. ಒಂದು ಚಕ್ಕೆ ಎದ್ದರೆ ಒಳಗೆ ನೀಲಿ, ಅದರೊಳಗೆ ಹಳದಿ, ಅದರೊಳಗೆ ಬಿಳಿ. ಒಳಗಿನದು ಹಳೆಯದು, ಹೊರಗಿನದು ಹೊಸದು. ಹೋದ ವರ್ಷ ಯಾರೋ ಮೊಳೆ ಹೊಡೆದು, ಆಮೇಲೆ ಕಿತ್ತು, ತೂತಿಗೆ ಸಿಮೆಂಟ್ ತುಂಬಿದ್ದಾರೆ ಅಂದುಕೊಳ್ಳಿ. ಆ ಸಿಮೆಂಟ್ ಎಲ್ಲ ಪದರಕ್ಕಿಂತ ಆಳದಲ್ಲಿದೆ. ಹಾಗಂತ ಅದು ಎಲ್ಲಕ್ಕಿಂತ ಹಳೆಯದಾ? ಅಲ್ಲ, ಹೋದ ವರ್ಷದ್ದು. ನೆಲದಲ್ಲೂ ಹೀಗೇ. ಜನ ಕಸದ ಗುಂಡಿ ತೋಡುತ್ತಾರೆ, ಕಂಬ ನೆಡುತ್ತಾರೆ, ಇಲಿ ಹೆಗ್ಗಣ ಬಿಲ ಮಾಡುತ್ತವೆ. ಆ ಗುಂಡಿಯ ಅಂಚನ್ನು ಗುರುತಿಸದೆ ಅಗೆದರೆ ಹೊಸ ವಸ್ತು ಹಳೇ ಪದರದ ಲೆಕ್ಕಕ್ಕೆ ಸೇರಿಹೋಗುತ್ತದೆ.

ಹಾಗಾಗಿ ಹೊಸಬರಿಗೆ ಮೊದಲು ಕಲಿಸೋದು ಮಣ್ಣನ್ನು ನೋಡೋದನ್ನ. ಕೈಯಲ್ಲಿ ಗಾರೆಯವರ ಕರಣೆಯಂಥ ಸಣ್ಣ ಕರಣೆ. ಗೋಡೆಯನ್ನು ಮೇಲಿಂದ ಕೆಳಕ್ಕೆ ಹೆರೆಯುತ್ತ ನೇರ ಮಾಡಬೇಕು. ಒಂಚೂರು ನೀರು ಸಿಂಪಡಿಸಿದರೆ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿ ಬೂದಿ ಸೇರಿದ ಸಡಿಲ ಮಣ್ಣು, ಇಲ್ಲಿ ತುಳಿದು ಗಟ್ಟಿಯಾದ ನೆಲ, ಇಲ್ಲಿ ಪ್ರವಾಹ ತಂದ ಮರಳು. ಕಣ್ಣಿಗೆ ಕಾಣದಿದ್ದರೆ ಕರಣೆಯ ಸದ್ದು ಹೇಳುತ್ತದೆ. ಗಟ್ಟಿ ನೆಲಕ್ಕೆ ತಾಕಿದಾಗ ಬರುವ ಸದ್ದೇ ಬೇರೆ. ಇದನ್ನು ಚೆನ್ನಾಗಿ ಬಲ್ಲವರು ಸುತ್ತಲ ಹಳ್ಳಿಯಿಂದ ಕೂಲಿಗೆ ಬಂದವರು. ಹಲವು ಗುಂಡಿ ಕಂಡ ಅವರ ಕೈಗೆ, ಎಂ.ಎ. ಮುಗಿಸಿ ಬಂದವರ ಕೈಗಿಂತ ಬೇಗ ಪದರ ಬದಲಾದದ್ದು ತಿಳಿಯುತ್ತದೆ.

ಇನ್ನು ಬರೆಯುವ ಕೆಲಸ. ಪ್ರತಿ ಗುಂಡಿಗೂ ಒಬ್ಬ ಮೇಲ್ವಿಚಾರಕ, ಪ್ರತಿ ಮೇಲ್ವಿಚಾರಕನ ಕೈಯಲ್ಲೂ ಒಂದು ನೋಟ್‌ಬುಕ್. ಮಣಿಯೋ ನಾಣ್ಯವೋ ಸಿಕ್ಕರೆ ಕೂಡಲೇ ಎತ್ತುವಂತಿಲ್ಲ. ಗೂಟದಿಂದ ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು, ಆಳಕ್ಕೆ ಎಷ್ಟು ಅಂತ ಅಳೆಯಬೇಕು. ಟೇಪು, ರಸಮಟ್ಟ, ತೂಗುಗುಂಡು ಇದ್ದರೆ ಇಷ್ಟು ಸಾಕು. ಈಗ ದೂರ, ಕೋನ ಅಳೆದು ಜಾಗ ಹೇಳುವ ಟೋಟಲ್ ಸ್ಟೇಷನ್ ಅನ್ನುವ ಯಂತ್ರವೂ ಬಂದಿದೆ. ಆಮೇಲೆ ಉತ್ತರ ದಿಕ್ಕಿನ ಬಾಣ, ಅಳತೆ ಪಟ್ಟಿ ಇಟ್ಟು ಫೋಟೊ. ಆಮೇಲೆ ಚೀಲ. ಚೀಲದ ಒಳಗೊಂದು ಚೀಟಿ, ಹೊರಗೊಂದು ಚೀಟಿ. ಎರಡು ಯಾಕೆ? ಹೊರಗಿನದನ್ನು ಗೆದ್ದಲು ತಿಂದರೂ ಒಳಗಿನದು ಉಳಿಯಲಿ ಅಂತ. ಇದ್ದಿಲು ಸಿಕ್ಕರೆ ಬರಿಗೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡುತ್ತಾರೆ.

ಇದ್ದಿಲು ಯಾಕಷ್ಟು ಬೆಲೆಯದ್ದು? ಮರ ಬದುಕಿರುವಾಗ ಗಾಳಿಯಿಂದ ಕಾರ್ಬನ್-14 ಅನ್ನುವ ವಿಕಿರಣ ಸೂಸುವ ಇಂಗಾಲವನ್ನು ತೆಗೆದುಕೊಳ್ಳುತ್ತದೆ. ಸತ್ತ ಮೇಲೆ ಮರದೊಳಗಿನ ಈ ಇಂಗಾಲ ಮೆಲ್ಲಗೆ ಕರಗುತ್ತ ಹೋಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧ, ಮತ್ತೆ ಅಷ್ಟೇ ವರ್ಷಕ್ಕೆ ಅದರ ಅರ್ಧ. ಎಷ್ಟು ಉಳಿದಿದೆ ಅಂತ ಅಳೆದರೆ ಮರ ಯಾವಾಗ ಸತ್ತಿತು ಅಂತ ಗೊತ್ತಾಗುತ್ತದೆ. ಸುಮಾರು 50,000 ವರ್ಷದ ಆಚೆಗೆ ಈ ಲೆಕ್ಕ ನಡೆಯಲ್ಲ. ಕಲ್ಲಿಗೂ ಲೋಹಕ್ಕೂ ಇದು ನೇರವಾಗಿ ಬಳಕೆಗೆ ಬರಲ್ಲ. ಕೊಡಲಿಯ ಕಾಲ ಹೇಳಬೇಕಾದರೆ ಅದೇ ಪದರದಲ್ಲಿ ಸಿಕ್ಕ ಇದ್ದಿಲನ್ನೋ ಸುಟ್ಟ ಕಾಳನ್ನೋ ಕೇಳಬೇಕು. ಪದರ ತಪ್ಪಾದರೆ ಪ್ರಯೋಗಾಲಯ ಕೊಟ್ಟ ಸರಿಯಾದ ಉತ್ತರವೂ ತಪ್ಪು ವಸ್ತುವಿಗೆ ಅಂಟಿಕೊಳ್ಳುತ್ತದೆ.

ಬ್ರಹ್ಮಗಿರಿಯಲ್ಲಿ ಏನಾಯಿತು?

ಇದೆಲ್ಲ ಬರಿ ಶಿಸ್ತಿನ ಮಾತು ಅನ್ನಿಸಬಹುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ನೋಡಿದರೆ ಇದರ ಲಾಭ ಕಾಣುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟದ ಬುಡದ ಅಶೋಕ ಶಾಸನವನ್ನು 1892ರಲ್ಲಿ ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಬೆಳಕಿಗೆ ತಂದಿದ್ದರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಇಲ್ಲೂ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆದರು. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದೂ ಇವರಿಂದಲೇ. 1947ರಲ್ಲಿ ಎಎಸ್‌ಐ ಮುಖ್ಯಸ್ಥ ಮಾರ್ಟಿಮರ್ ವೀಲರ್ ಎರಡೂ ಕಡೆ ಅಗೆಸಿದರು. ಚೌಕ, ಬಾಲ್ಕ್, ಪದರದ ಸಂಖ್ಯೆ, ಇವನ್ನೆಲ್ಲ ನಮ್ಮ ದೇಶದ ಉತ್ಖನನದಲ್ಲಿ ರೂಢಿಗೆ ತಂದವರು ಅವರು. 1944ರಲ್ಲಿ ತಕ್ಷಶಿಲೆಯಲ್ಲಿ ಹೊಸಬರಿಗೆ ತರಬೇತಿ ಶಿಬಿರವನ್ನೂ ನಡೆಸಿದ್ದರು.

ಬ್ರಹ್ಮಗಿರಿಯಲ್ಲಿ ಮೂರು ಕಾಲದ ಪದರ ಒಂದರ ಮೇಲೊಂದು ಕಂಡವು. ಕೆಳಗೆ ನಯ ಮಾಡಿದ ಕಲ್ಲು ಕೊಡಲಿಯ ಜನ. ಅದರ ಮೇಲೆ ಕಬ್ಬಿಣ ಬಳಸಿ, ಸತ್ತವರಿಗೆ ದೊಡ್ಡ ಕಲ್ಲಿನ ಗೋರಿ ಕಟ್ಟಿದ ಜನ. ಮೇಲೆ ಶಾತವಾಹನರ ಕಾಲ. ಕ್ರಮ ಸಿಕ್ಕಿತು, ವರ್ಷ ಹೇಳೋದು ಹೇಗೆ? ಆಗ ಕಾರ್ಬನ್-14 ಇನ್ನೂ ಬಳಕೆಗೆ ಬಂದಿರಲಿಲ್ಲ. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮ್‌ನಿಂದ ಬಂದ ಮಡಕೆ ಸಿಕ್ಕಿತ್ತು, ಅದರ ಕಾಲ ಗೊತ್ತಿತ್ತು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಅಂಥ ಪದರದಲ್ಲಿ ಕಂಡ ಮಡಕೆಯ ಬಗೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಇತ್ತು. ಹೀಗೆ ಮೇಲಿನ ಪದರಕ್ಕೆ ಒಂದು ಕಾಲ ಸಿಕ್ಕಿತು. ಅಲ್ಲಿಂದ ವೀಲರ್ ಕೆಳಕ್ಕೆ ಲೆಕ್ಕ ಹಾಕಿದರು. ಕಲ್ಲುಗೋರಿಯ ಜನ ಕ್ರಿ.ಪೂ. 200ರ ಸುಮಾರಿಗೆ ಬಂದರು ಅಂದರು.

ಆ ವರ್ಷದ ಲೆಕ್ಕ ಆಮೇಲೆ ನಿಲ್ಲಲಿಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಗೆದಾಗ ಸಿಕ್ಕ ಕಾರ್ಬನ್ ಕಾಲ ಕಬ್ಬಿಣವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಕಲ್ಲು ಕೊಡಲಿಯ ಕಾಲವೂ ಬೇರೆ ನೆಲೆಗಳ ಪರೀಕ್ಷೆಯಿಂದ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಯಿತು. ಆದರೂ ಬ್ರಹ್ಮಗಿರಿಯ ವರದಿಯನ್ನು ಯಾರೂ ಬದಿಗಿಡಲಿಲ್ಲ. ಯಾಕಂದರೆ ಯಾವುದರ ಮೇಲೆ ಯಾವುದಿತ್ತು ಅನ್ನುವ ದಾಖಲೆ ಸರಿಯಿತ್ತು. ವರ್ಷ ತಿದ್ದಿಕೊಂಡರೂ ಕ್ರಮ ಉಳಿಯಿತು. ಗುಂಡಿಯಲ್ಲಿ ನಿಂತು ಪದರದ ಸಂಖ್ಯೆ ಬರೆದ ಕಿರಿಯರ ಕೆಲಸ ಉಳಿಯೋದು ಹೀಗೆ.

ಅಂದಹಾಗೆ, ಹಳ್ಳೂರಿನ ಪ್ರಾಣಿ ಎಲುಬುಗಳನ್ನು ಗುರುತಿಸಿದ ಕೆ. ಆರ್. ಆಲೂರು ಪಶುವೈದ್ಯಕೀಯದ ಹಿನ್ನೆಲೆಯವರು. ಅದರಲ್ಲಿ ಕುದುರೆ ಎಲುಬಿದೆ ಅಂತ ಅವರು ಹೇಳಿದ್ದು, ಕುದುರೆ ಇಲ್ಲಿಗೆ ಯಾವಾಗ ಬಂತು ಅಂತ ದೇಶದಾಚೆಗೂ ಚರ್ಚೆ ಎಬ್ಬಿಸಿತು. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ ಓದಿದವರಿಗೂ ಇಲ್ಲಿ ಜಾಗ ಇದೆ.

ಮಡಕೆ ಅಂಗಳದ ಕೆಲಸ

ಉತ್ಖನನದಲ್ಲಿ ಅತಿ ಜಾಸ್ತಿ ಸಿಗೋದು ಚಿನ್ನವಲ್ಲ, ಮಡಕೆ ಚೂರು. ಶಿಬಿರದ ಪಕ್ಕ ಒಂದು ಅಂಗಳ ಮಾಡಿ, ಪದರವಾರು ಚೌಕ ಹಾಕಿ, ರಾಶಿ ರಾಶಿ ಹರಡುತ್ತಾರೆ. ಹೊಸಬರು ಇಲ್ಲಿ ವಾರಗಟ್ಟಲೆ ಕೂರುತ್ತಾರೆ. ಕೆಲವರಿಗೆ ಬೇಜಾರಾಗಿ ಊರು ನೆನಪಾಗೋದು ಇಲ್ಲೇ.

ಚೂರುಗಳನ್ನು ಮೆತ್ತನೆ ಬ್ರಷ್‌ನಿಂದ ತೊಳೆದು ನೆರಳಲ್ಲಿ ಒಣಗಿಸಬೇಕು. ಒಳಗೆ ಅಡುಗೆಯ ಜಿಡ್ಡೋ ಕರಕಲೋ ಅಂಟಿದ್ದರೆ ತೊಳೆಯುವಂತಿಲ್ಲ, ಅದು ಪ್ರಯೋಗಾಲಯಕ್ಕೆ. ಒಣಗಿದ ಮೇಲೆ ಬಣ್ಣ, ಮಣ್ಣಿನ ನಯ, ಸುಟ್ಟ ರೀತಿ ನೋಡಿ ಬೇರೆ ಮಾಡುತ್ತಾರೆ. ಕಲ್ಲುಗೋರಿಯ ಜನರ ಮಡಕೆಯಲ್ಲಿ ಒಳಗೆ ಮತ್ತು ಬಾಯಿಯ ಅಂಚು ಕಪ್ಪು, ಹೊರಗೆ ಕೆಂಪು ಇರುವ ಬಗೆ ಒಂದಿದೆ. ಸುಡುವಾಗ ಮಡಕೆಯ ಒಂದು ಭಾಗಕ್ಕೆ ಗಾಳಿ ತಾಗಿ, ಇನ್ನೊಂದಕ್ಕೆ ತಾಗದೆ ಎರಡು ಬಣ್ಣ ಬರುತ್ತದೆ.

ಬಾಯಿಯ ಚೂರು ಸಿಕ್ಕರೆ ಹಬ್ಬ. ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಆ ಚೂರನ್ನು ಮಗುಚಿ ಇಟ್ಟು, ಅದರ ಬಾಗು ಯಾವ ವೃತ್ತಕ್ಕೆ ಕೂಡುತ್ತದೆ ಅಂತ ನೋಡುತ್ತಾರೆ. ಎರಡು ಬೆರಳಗಲದ ಚೂರಿನಿಂದ ಇಡೀ ಗಡಿಗೆಯ ಬಾಯಿ ಎಷ್ಟು ಅಗಲ ಇತ್ತು ಅಂತ ತಿಳಿಯುತ್ತದೆ. ಆಮೇಲೆ ಅಡ್ಡ ಸೀಳಿದಂತೆ ಚಿತ್ರ ಬರೆಯಬೇಕು, ಪೆನ್ಸಿಲ್‌ನಲ್ಲೇ. ಕೊನೆಗೆ ಚೂರಿನ ಒಳಮೈ ಮೇಲೆ ಸಣ್ಣ ಅಕ್ಷರದಲ್ಲಿ ಊರಿನ ಸಂಕೇತ, ಗುಂಡಿಯ ಹೆಸರು, ಪದರದ ಸಂಖ್ಯೆ. ಈ ಮೂರು ಇಲ್ಲದ ಚೂರು ಬರೀ ಬೋಕಿ.

ಮ್ಯೂಸಿಯಂ ಒಳಗೆ, ಬಾಗಿಲ ಆಚೆ

ನಾವು ನೋಡುವುದು ಮ್ಯೂಸಿಯಂನ ಮುಂದಿನ ಕೋಣೆ. ಅಲ್ಲಿರುವುದಕ್ಕಿಂತ ಹೆಚ್ಚಿನ ವಸ್ತು ಹಿಂದಿನ ದಾಸ್ತಾನು ಕೋಣೆಯಲ್ಲಿರೋದು ಸಾಮಾನ್ಯ. ಮ್ಯೂಸಿಯಂ ಸೇರಿದ ಹೊಸಬರ ಕೆಲಸವೂ ಹೆಚ್ಚಾಗಿ ಅಲ್ಲೇ.

ವಸ್ತು ಬಂದ ಕೂಡಲೇ ದಾಖಲಾತಿ ವಹಿಯಲ್ಲಿ ಬರೆಯಬೇಕು. ಇದೇ ಮ್ಯೂಸಿಯಂನ ಜೀವ. ಸಂಖ್ಯೆ, ಏನು, ಯಾವುದರಿಂದ ಮಾಡಿದ್ದು, ಅಳತೆ, ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಯಾವತ್ತು ಬಂತು, ಆಗ ಹೇಗಿತ್ತು. ಮೂಗು ಮೊದಲೇ ಮುರಿದಿತ್ತಾ, ಇಲ್ಲಿಗೆ ಬಂದ ಮೇಲೆ ಮುರಿಯಿತಾ ಅನ್ನುವ ಪ್ರಶ್ನೆಗೆ ಹತ್ತು ವರ್ಷ ಆದ ಮೇಲೆ ಉತ್ತರ ಕೊಡೋದು ಈ ವಹಿ. ಸಂಖ್ಯೆಯನ್ನು ವಸ್ತುವಿನ ಮೇಲೂ ಬರೆಯುತ್ತಾರೆ, ಆದರೆ ನೇರವಾಗಿ ಅಲ್ಲ. ಮೊದಲು ಕಾಣದ ಜಾಗದಲ್ಲಿ ಪಾರದರ್ಶಕ ಅಂಟಿನ ಒಂದು ತೆಳು ಪದರ, ಅದರ ಮೇಲೆ ಶಾಯಿ, ಅದರ ಮೇಲೆ ಮತ್ತೆ ಅಂಟು. ಬೇಡ ಅನ್ನಿಸಿದರೆ ಅಸಿಟೋನ್ ಹಾಕಿ ಒರೆಸಿದರೆ ಹೋಗಬೇಕು. ಈಗ ಇದೇ ಮಾಹಿತಿ ಕಂಪ್ಯೂಟರಿಗೂ ಹೋಗುತ್ತಿದೆ. ಕೇಂದ್ರದ ಹಲವು ಮ್ಯೂಸಿಯಂಗಳು ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿಕೊಟ್ಟ ಜತನ್ ಅನ್ನುವ ತಂತ್ರಾಂಶ ಬಳಸುತ್ತಿವೆ.

ನಮ್ಮ ಮ್ಯೂಸಿಯಂಗಳಲ್ಲಿ "ದೊರೆತ ಸ್ಥಳ ತಿಳಿದಿಲ್ಲ" ಅನ್ನುವ ಫಲಕ ನೀವೂ ನೋಡಿರಬಹುದು. ಮೂರ್ತಿ ಚೆಲುವಾಗಿರುತ್ತದೆ, ಹೊಯ್ಸಳರದ್ದು ಅಂತ ಶೈಲಿ ನೋಡಿ ಹೇಳಬಹುದು. ಯಾವ ಗುಡಿಯದ್ದು, ಗರ್ಭಗುಡಿಯದ್ದಾ ಗೋಡೆಯದ್ದಾ, ಪಕ್ಕದಲ್ಲಿ ಯಾವ ಮೂರ್ತಿ ಇತ್ತು, ಯಾವುದೂ ಗೊತ್ತಿಲ್ಲ. ಕದ್ದು ಮಾರಿದ ವಸ್ತುಗಳಿಗೆ ಬರುವ ಗತಿಯೂ ಇದೇ. ಮರಳಿ ಸಿಕ್ಕರೂ ಅರ್ಧ ಮಾತ್ರ ಸಿಕ್ಕಂತೆ.

ಇನ್ನೊಂದು ದೊಡ್ಡ ಕೆಲಸ ಕಾಪಾಡೋದು. ನೆಲದೊಳಗೆ ಸಾವಿರ ವರ್ಷ ಸುಮ್ಮನಿದ್ದ ವಸ್ತು ಗಾಳಿ ಬೆಳಕಿಗೆ ಬಂದ ಕೂಡಲೇ ಕೆಡಲು ಶುರುವಾಗಬಹುದು. ಕಂಚಿನ ಮೇಲೆ ತಿಳಿ ಹಸಿರು ಪುಡಿಯಂಥ ಚುಕ್ಕೆ ಕಂಡರೆ ಗಾಬರಿಯಾಗಬೇಕು. ಲೋಹದೊಳಗಿನ ಕ್ಲೋರೈಡು ತೇವದ ಜೊತೆ ಸೇರಿ ಅದನ್ನು ತಿನ್ನುತ್ತಿದೆ ಅಂತ ಅರ್ಥ. ಅಂಥದ್ದನ್ನು ತೇವ ತಾಗದಂತೆ ಬೇರೆ ಇಟ್ಟು ಚಿಕಿತ್ಸೆ ಮಾಡಬೇಕು. ಉಪ್ಪು ಮಣ್ಣಿನಿಂದ ಬಂದ ಮಡಕೆ ಒಣಗುವಾಗ ಒಳಗಿನ ಉಪ್ಪು ಹರಳಾಗಿ ಮೇಲ್ಮೈಯನ್ನೇ ಉದುರಿಸುತ್ತದೆ. ಬಟ್ಟೆ, ಕಾಗದ, ತಾಳೆಗರಿಗೆ ಬೆಳಕೇ ಶತ್ರು. ಅವುಗಳ ಮೇಲೆ 50 ಲಕ್ಸ್‌ಗಿಂತ (ಇದು ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳದಂತೆ ನೋಡಿಕೊಳ್ಳುವುದು ರೂಢಿ. ಮ್ಯೂಸಿಯಂ ಯಾಕಿಷ್ಟು ಮಂಕಾಗಿದೆ ಅಂತ ಬೈದುಕೊಳ್ಳುವವರಿಗೆ ಕಾರಣ ಇದು. ಕಲ್ಲಿನ ಮೂರ್ತಿಗೆ ಬೆಳಕಿನ ಭಯ ಇಲ್ಲ. ಅದನ್ನು ಎತ್ತುವಾಗ ಕೈ, ಕಿರೀಟ ಹಿಡಿಯಬಾರದು ಅಷ್ಟೇ. ಚಾಚಿದ ಭಾಗವೇ ಮೊದಲು ಮುರಿಯೋದು.

ಆಮೇಲೆ ಫಲಕ ಬರೆಯೋದು. ನಿಂತುಕೊಂಡು ಓದುವವರಿಗೆ ನಾಲ್ಕೈದು ಸಾಲಿಗಿಂತ ಹೆಚ್ಚು ಕೊಟ್ಟರೆ ಓದಲ್ಲ. ಬೇಗೂರಿನ ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಗಂಗರ ಕಾಲದ ಯುದ್ಧ ಅದರ ಮೇಲೆ ಕೆತ್ತಿದೆ. 1865ರಲ್ಲಿ ಶುರುವಾದ ಈ ಮ್ಯೂಸಿಯಂಗೆ ಶಾಲೆ ಮಕ್ಕಳು ಸಾಲಾಗಿ ಬರುತ್ತಾರೆ. ಆ ಕಲ್ಲಿನಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದಾರೆ, ಆನೆ ಯಾರದ್ದು ಅಂತ ಏಳನೇ ಕ್ಲಾಸಿನ ಮಗುವಿಗೆ ನಾಲ್ಕು ಸಾಲಲ್ಲಿ ಹೇಳೋದು ಪ್ರಬಂಧ ಬರೆಯೋದಕ್ಕಿಂತ ಕಷ್ಟ.

ಏನು ಓದಬೇಕು, ಕೆಲಸ ಎಲ್ಲಿ?

ಪದವಿಯಲ್ಲಿ ಇತಿಹಾಸ ಓದಿದ್ದರೆ ಒಳ್ಳೆಯದು. ನಿಜವಾದ ಬಾಗಿಲು ಎಂ.ಎ. ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಇತಿಹಾಸ, ಪುರಾತತ್ವ, ಶಾಸನಶಾಸ್ತ್ರಕ್ಕೆ ಸಂಬಂಧಿಸಿದ ವಿಭಾಗಗಳಿವೆ. ಹೊರಗೆ ಹೋಗೋದಾದರೆ ಪುಣೆಯ ಡೆಕ್ಕನ್ ಕಾಲೇಜು ಹಳೆಯ ಹೆಸರು. ಮ್ಯೂಸಿಯಂ ಕೆಲಸವನ್ನೇ ಓದಬೇಕೆಂದರೆ ವಡೋದರಾದ ಎಂಎಸ್ ವಿಶ್ವವಿದ್ಯಾಲಯದ ಮ್ಯೂಸಿಯಾಲಜಿ ವಿಭಾಗ 1950ರ ದಶಕದಿಂದ ಇದೆ. ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್‌ನಲ್ಲಿ ಮ್ಯೂಸಿಯಾಲಜಿ, ವಸ್ತು ಸಂರಕ್ಷಣೆ ಎರಡೂ ಇವೆ.

ಎಂ.ಎ. ಆದ ಮೇಲೆ ಗ್ರೇಟರ್ ನೋಯ್ಡಾದಲ್ಲಿ ಎಎಸ್‌ಐ ನಡೆಸುವ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆಯ 2 ವರ್ಷದ ಡಿಪ್ಲೊಮಾ ಇದೆ. ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಇದೆ. 2020ರಲ್ಲಿ ಇದರ ಅರ್ಹತೆಯ ಪಟ್ಟಿಯಲ್ಲಿ ದಕ್ಷಿಣದ ಶಾಸ್ತ್ರೀಯ ಭಾಷೆಗಳು ಇಲ್ಲ ಅಂತ ಗಲಾಟೆಯಾಗಿ, ಆಮೇಲೆ ಕನ್ನಡವೂ ಸೇರಿತು. ಅಂದರೆ ಕನ್ನಡ ಎಂ.ಎ. ಮಾಡಿ ಹಳಗನ್ನಡ, ಶಾಸನ ಓದಿದವರಿಗೂ ದಾರಿ ಇದೆ. ಪಾಠ ಹೇಳುವ ಆಸೆ ಇದ್ದರೆ ಯುಜಿಸಿ ನೆಟ್‌ನಲ್ಲಿ ಪುರಾತತ್ವ ಬೇರೆಯೇ ವಿಷಯ.

ಕಾಯಂ ಹುದ್ದೆಗಳು ಹೆಚ್ಚಾಗಿ ಸರ್ಕಾರದ್ದು. ಎಎಸ್‌ಐ ಅಧಿಕಾರಿ ಹುದ್ದೆಗಳಿಗೆ ಯುಪಿಎಸ್‌ಸಿ ಕರೆಯುತ್ತದೆ. ಬೆಂಗಳೂರು, ಧಾರವಾಡ, ಹಂಪಿಯಲ್ಲಿ ಅದರ ವಲಯ ಕಚೇರಿಗಳಿವೆ. ಹಂಪಿ ಪಕ್ಕದ ಕಮಲಾಪುರ, ಬಾದಾಮಿ, ಐಹೊಳೆ, ಹಳೇಬೀಡು, ವಿಜಯಪುರದಲ್ಲಿ ಮ್ಯೂಸಿಯಂಗಳಿವೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಖಾಸಗಿಯಲ್ಲಿ ಬೆಂಗಳೂರಿನ ಮ್ಯಾಪ್‌ನಂಥ ಹೊಸ ಮ್ಯೂಸಿಯಂಗಳು, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇವೆ.

ನೇಮಕಾತಿ ಪ್ರತಿ ವರ್ಷ ಆಗಲ್ಲ, ಹುದ್ದೆಯೂ ಕಡಿಮೆ. ಹಾಗಾಗಿ ಓದು ಮುಗಿದ ಮೊದಲ ಕೆಲವು ವರ್ಷ ಯೋಜನೆಯಿಂದ ಯೋಜನೆಗೆ, ಗುತ್ತಿಗೆಯ ಮೇಲೆ ಓಡಾಡುವವರು ಬಹಳ. ಒಂದು ವರ್ಷ ಸಮೀಕ್ಷೆ, ಇನ್ನೊಂದು ವರ್ಷ ಯಾವುದೋ ಉತ್ಖನನ, ಆಮೇಲೆ ಯಾವುದೋ ಮ್ಯೂಸಿಯಂನ ವಹಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಮನೆಯವರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಮಳೆ ನಿಂತ ಮೇಲೆ ಶುರುವಾಗುವ ಉತ್ಖನನ ಬೇಸಿಗೆವರೆಗೂ ನಡೆಯುತ್ತದೆ. ವಾಸ ಟೆಂಟಿನಲ್ಲೋ ಊರ ಶಾಲೆಯಲ್ಲೋ. ಹೆಣ್ಣುಮಕ್ಕಳು ಇದನ್ನೆಲ್ಲ ಮಾಡ್ತಾರಾ ಅಂತ ಕೇಳುವವರು ಈಗಲೂ ಇದ್ದಾರೆ. ದೇಬಲಾ ಮಿತ್ರಾ 1981ರಲ್ಲೇ ಎಎಸ್‌ಐನ ಮಹಾನಿರ್ದೇಶಕಿಯಾಗಿದ್ದರು.

ಆರಂಭ ಎಲ್ಲಿಂದಾದರೂ ಆಗಬಹುದು. ಗುಜರಾತಿನ ಹರಪ್ಪ ಕಾಲದ ಊರು ಲೋಥಲ್‌ನ ಉತ್ಖನನ ನಡೆಸಿದ, ದ್ವಾರಕೆಯ ಸಮುದ್ರದಲ್ಲಿ ಶೋಧ ಮಾಡಿಸಿದ ಎಸ್. ಆರ್. ರಾವ್ ಕನ್ನಡದವರು, ಪೂರ್ತಿ ಹೆಸರು ಶಿಕಾರಿಪುರ ರಂಗನಾಥ ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಬರೋಡ ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಎಎಸ್‌ಐಗೆ ಬಂದವರು.

ಈಗಲೇ ಏನು ಮಾಡಬಹುದು, ಏನು ಮಾಡಬಾರದು?

ಇನ್ನೂ ಕಾಲೇಜಿನಲ್ಲಿರುವವರು ಚಿತ್ರ ಬರೆಯೋದು ರೂಢಿ ಮಾಡಿಕೊಳ್ಳಲಿ, ನಕಾಶೆ ಓದೋದು ಕಲಿಯಲಿ. ಹಳೆಯ ಕನ್ನಡ ಲಿಪಿ ಓದಲು ಬಂದರೆ ಕರ್ನಾಟಕದಲ್ಲಿ ಎಲ್ಲಿ ಹೋದರೂ ಬೆಲೆ. ತಮ್ಮ ಊರಿನ ವೀರಗಲ್ಲು, ಮಾಸ್ತಿಗಲ್ಲುಗಳ ಪಟ್ಟಿ ಮಾಡಿ, ಫೋಟೊ, ಜಾಗ, ಅಳತೆ ಬರೆದಿಟ್ಟರೆ ಅದೇ ಮೊದಲ ಸಮೀಕ್ಷೆ.

ಶಾಸನದ ಅಕ್ಷರ ಚೆನ್ನಾಗಿ ಕಾಣಲಿ ಅಂತ ಪೇಂಟ್, ಸೀಮೆಸುಣ್ಣ ತುಂಬಬಾರದು. ಎಣ್ಣೆ ಸುರಿಯಬಾರದು. ಹೊಲದಲ್ಲಿ ಬೋಕಿ ಚೂರು, ಕಲ್ಲಿನ ಕೊಡಲಿ ಕಂಡರೆ ಎತ್ತಿ ಜೇಬಿಗೆ ಹಾಕಿಕೊಳ್ಳೋದು ಬೇಡ. ಇದ್ದಲ್ಲೇ ಫೋಟೊ ತೆಗೆದು, ಮೊಬೈಲ್‌ನಲ್ಲಿ ಜಾಗ ಗುರುತಿಸಿ, ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಿಳಿಸಿ.

ಪಾಯ ತೋಡುವಾಗ ನಾಣ್ಯ, ಒಡವೆ ಸಿಕ್ಕರೆ ವಿಷಯ ಬೇರೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು ಅನ್ನುವ ಕಾಯ್ದೆ 1878ರಿಂದಲೂ ಇದೆ. ತಹಶೀಲ್ದಾರ್ ಕಚೇರಿಗೋ ಪೊಲೀಸರಿಗೋ ಹೇಳಿದರೆ ಸುದ್ದಿ ಜಿಲ್ಲಾಧಿಕಾರಿಗೆ ಹೋಗುತ್ತದೆ. 100 ವರ್ಷಕ್ಕಿಂತ ಹಳೆಯ ವಿಗ್ರಹ, ನಾಣ್ಯ, ಕಲಾವಸ್ತುಗಳನ್ನು 1972ರ ಕಾಯ್ದೆ ಪ್ರಾಚ್ಯವಸ್ತು ಅನ್ನುತ್ತದೆ. ಹಸ್ತಪ್ರತಿಗೆ 75 ವರ್ಷ ಸಾಕು. ಇವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಧಿಕಾರಿಗಳು ಬರುವವರೆಗೆ ಗುಂಡಿಯನ್ನು ಹಾಗೇ ಬಿಟ್ಟು, ತೆಗೆದ ಮಣ್ಣನ್ನು ಬೇರೆಡೆ ಸಾಗಿಸದೆ ಪಕ್ಕದಲ್ಲೇ ಇಟ್ಟಿರಿ. ಮಡಕೆಯೊಳಗೆ ನಾಣ್ಯ ಇದ್ದರೆ ಆ ಮಡಕೆಯ ಚೂರುಗಳನ್ನೂ ಎಸೆಯಬೇಡಿ.